ಶಿಸ್ತಿನ ಗುರು ಪಾಲ್ ಬ್ರಯಂಟ್

ಶಿಸ್ತು ಎಂಬ ಮಾತನ್ನು ಶಾಲೆಯ ಮೆಟ್ಟಿಲು ಹತ್ತಿದ ದಿನದಿಂದ ನಾವೆಲ್ಲರೂ ಕೇಳುತ್ತ ಬಂದಿದ್ದೇವೆ. ಗಂಟೆ ಬಾರಿಸಿದೊಡನೆ ಸಾಲಾಗಿ ನಿಲ್ಲುವುದು, ಹೊತ್ತಿಗೆ ಸರಿಯಾಗಿ ತರಗತಿಗೆ ಬರುವುದು, ಹಿರಿಯರ ಮಾತಿಗೆ ಕಿವಿಗೊಡುವುದು, ಇವೆಲ್ಲವೂ ಶಿಸ್ತೇ ಸರಿ. ಆದರೆ ಶಿಸ್ತು ಎಷ್ಟಿರಬೇಕು, ಎಲ್ಲಿಗೆ ನಿಲ್ಲಬೇಕು, ಅದು ಯಾವಾಗ ಮನುಷ್ಯನನ್ನು ಕಟ್ಟುತ್ತದೆ, ಯಾವಾಗ ಮುರಿಯುತ್ತದೆ ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ವಿರಳ. ಈ ಪ್ರಶ್ನೆಗಳನ್ನು ಪುಸ್ತಕದಲ್ಲಿ ಓದದೆ ಆಟದ ಬಯಲಿನಲ್ಲಿ ಎದುರಿಸಿದವನು ಅಮೆರಿಕಾದ ಪಾಲ್ ವಿಲಿಯಂ ಬ್ರಯಂಟ್. ಸೋತು ಸುಣ್ಣವಾಗಿದ್ದ ಕಾಲೇಜು ತಂಡಗಳನ್ನು ಕೈಗೆತ್ತಿಕೊಂಡು ಅವುಗಳನ್ನು ಮೇಲೆತ್ತಿದ ಈ ತರಬೇತುಗಾರನ ಬಾಳು ಗೆಲುವಿನ ಕಥೆಯೂ ಹೌದು, ತಿಳಿವಳಿಕೆಯ ಕಥೆಯೂ ಹೌದು.

ಬ್ರಯಂಟನ ಆಟವು ನಮ್ಮ ಊರುಗಳ ಬಯಲಿನಲ್ಲಿ ನಾವು ಆಡುವ ಕಾಲ್ಚೆಂಡಲ್ಲ. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಜೊತೆಗಾರನಿಗೆ ಎಸೆಯಬಹುದು. ಒಂದೊಂದು ಪಕ್ಷದಲ್ಲಿ 11 ಮಂದಿ. ಗೆರೆಯಿಂದ ಗೆರೆಗೆ 100 ಗಜ ಉದ್ದದ ಮೈದಾನ. ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗದಿದ್ದರೆ ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ಮೈಮೇಲೆ ಬಿದ್ದು ನೆಲಕ್ಕೆ ಕೆಡವುತ್ತಾರೆ. ಆದುದರಿಂದ ಆಟಗಾರರು ತಲೆಗೆ ಶಿರಸ್ತ್ರಾಣವನ್ನೂ ಹೆಗಲಿಗೆ ಮೆತ್ತೆಯನ್ನೂ ಕಟ್ಟಿಕೊಂಡೇ ಕಣಕ್ಕಿಳಿಯುತ್ತಾರೆ. ಬಲ, ವೇಗ, ಧೈರ್ಯ ಮೂರೂ ಬೇಕಾದ ಆಟವಿದು. ಒಬ್ಬನು ಒಂದು ಹೆಜ್ಜೆ ತಪ್ಪಿಟ್ಟರೆ ಉಳಿದ ಹತ್ತು ಮಂದಿಯ ಶ್ರಮವೂ ನೀರುಪಾಲಾಗುತ್ತದೆ. ಈ ಆಟದಲ್ಲಿ ಶಿಸ್ತಿಗೆ ಅಷ್ಟೊಂದು ಬೆಲೆ ಏಕೆಂಬುದು ಇದರಿಂದ ತಿಳಿದೀತು.

ಬ್ರಯಂಟನು 1913ರ ಸೆಪ್ಟೆಂಬರ್ 11ರಂದು ಅರ್ಕನ್ಸಾ ಸಂಸ್ಥಾನದ ಫೋರ್ಡೈಸ್ ಪಟ್ಟಣದ ಬಳಿಯ ಮೋರೋ ಬಾಟಮ್ ಎಂಬ ಹಳ್ಳಿಯಲ್ಲಿ ಜನಿಸಿದನು. ಹನ್ನೆರಡು ಮಕ್ಕಳಲ್ಲಿ ಅವನು ಹನ್ನೊಂದನೆಯವನು. ತಂದೆಯು ಕಾಯಿಲೆಯಿಂದ ಬಳಲುತ್ತಿದ್ದುದರಿಂದ ಹೊಲದ ಭಾರವೆಲ್ಲವೂ ತಾಯಿ ಐಡಾಳ ಮೇಲೆ ಬಿದ್ದಿತ್ತು. ತಾಯಿಯು ಬಂಡಿಯಲ್ಲಿ ತರಕಾರಿಗಳನ್ನು ಹೇರಿಕೊಂಡು ಪಟ್ಟಣಕ್ಕೆ ಮಾರಲು ಹೊರಟಾಗ ಮಗನೂ ಜೊತೆಯಲ್ಲಿ ಹೋಗುತ್ತಿದ್ದನು. ಪಟ್ಟಣದ ಹುಡುಗರು ಆ ಹಳ್ಳಿಯ ಹುಡುಗನನ್ನು ಕಂಡು ನಗುತ್ತಿದ್ದರು. ಆ ನಗುವನ್ನು ಅವನು ಬಾಳಿನ ಕೊನೆಯವರೆಗೂ ಮರೆಯಲಿಲ್ಲ. ಬಡತನಕ್ಕೆ ಮರಳಿ ಹೋಗಬಾರದೆಂಬ ಹಟವೇ ತನ್ನನ್ನು ಮುಂದಕ್ಕೆ ತಳ್ಳಿತೆಂದು ಅವನು ಮುಂದೆ ಹೇಳಿಕೊಂಡುದುಂಟು.

ಅವನಿಗೆ ಕರಡಿ ಎಂಬ ಅಡ್ಡಹೆಸರು ಬಂದ ಬಗೆಯೂ ಸ್ವಾರಸ್ಯವಾಗಿದೆ. ಅವನಿಗೆ ಹದಿಮೂರು ವಯಸ್ಸಾಗಿದ್ದಾಗ ಫೋರ್ಡೈಸಿನ ನಾಟಕಶಾಲೆಗೆ ಪ್ರದರ್ಶನಕ್ಕಾಗಿ ಒಂದು ಕರಡಿಯನ್ನು ತಂದಿದ್ದರು. ಅದರೊಡನೆ ಕುಸ್ತಿ ಹಿಡಿದವರಿಗೆ ನಿಮಿಷಕ್ಕೆ ಒಂದು ಡಾಲರ್ ಕೊಡುವುದಾಗಿ ಸಾರಿದರು. ದೊಡ್ಡ ಮೈಯ ಈ ಹುಡುಗನು ಹಿಂದುಮುಂದು ನೋಡದೆ ಮುನ್ನುಗ್ಗಿ ಕರಡಿಯನ್ನು ಅಪ್ಪಿ ಹಿಡಿದನು. ನಡುವೆ ಅದರ ಬಾಯಿಗೆ ಕಟ್ಟಿದ್ದ ಪಟ್ಟಿ ಕಳಚಿತು. ಕಿವಿಗೆ ಗಾಯಮಾಡಿಕೊಂಡು ಹುಡುಗನು ಓಡಿದನು. ಒಪ್ಪಿಕೊಂಡ ಹಣವು ಕೈಗೆ ಬರಲಿಲ್ಲ. ಹೆಸರು ಮಾತ್ರ ಉಳಿಯಿತು.

ಫೋರ್ಡೈಸಿನ ಪ್ರೌಢಶಾಲೆಯಲ್ಲಿ ಆಟದಲ್ಲಿ ಹೆಸರು ಪಡೆದ ಅವನು 1931ರಲ್ಲಿ ಅಲಬಾಮಾ ವಿಶ್ವವಿದ್ಯಾನಿಲಯವಿರುವ ಟಸ್ಕಲೂಸಾ ಊರಿಗೆ ಬಂದನು. ಆಟದಲ್ಲಿ ಮುಂದಿದ್ದರೂ ಓದಿನಲ್ಲಿ ಹಿಂದಿದ್ದನು. ಪ್ರೌಢಶಾಲೆಯ ಪಾಠಗಳೇ ಪೂರ್ತಿಯಾಗಿರಲಿಲ್ಲ. ಆದುದರಿಂದ ಹಗಲು ಚಿಕ್ಕ ಹುಡುಗರ ಜೊತೆಯಲ್ಲಿ ಆ ಊರಿನ ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತು ಬಾಕಿಯನ್ನು ತೀರಿಸಬೇಕಾಯಿತು. ಆ ದಿನಗಳಲ್ಲಿಯೇ ಅವನು ಕಾಲೇಜು ತಂಡದೊಡನೆ ಅಭ್ಯಾಸವನ್ನೂ ಮಾಡುತ್ತಿದ್ದನು. 1935ರ ಹೊಸವರ್ಷದ ದಿನ ರೋಸ್ ಬೌಲ್ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನು 29-13ರಿಂದ ಸೋಲಿಸಿದ ಅಲಬಾಮಾ ತಂಡದಲ್ಲಿ ಅವನೂ ಇದ್ದನು. ಸಾಲಿನ ಒಂದು ತುದಿಯಲ್ಲಿ ಪ್ರಖ್ಯಾತನಾದ ಡಾನ್ ಹಟ್ಸನ್ ಆಡುತ್ತಿದ್ದರೆ ಇನ್ನೊಂದು ತುದಿ ಬ್ರಯಂಟನದು. ಅದೇ 1935ರಲ್ಲಿ ಟೆನೆಸಿಯ ಎದುರಿನ ಪಂದ್ಯವನ್ನು ಅವನು ಕಾಲಿನ ಎಲುಬು ಮುರಿದಿದ್ದಾಗಲೇ ಆಡಿದನು. ಆ ಪಂದ್ಯವನ್ನು ಅಲಬಾಮಾ 25-0ರಿಂದ ಗೆದ್ದಿತು. ಈ ಸಂಗತಿಯನ್ನು ನಾವು ನೆನಪಿನಲ್ಲಿಡಬೇಕು. ಮುರಿದ ಕಾಲಿನಲ್ಲಿ ಆಡಿದವನು ಮುಂದೆ ಇತರರಿಂದಲೂ ಅಷ್ಟನ್ನೇ ಬಯಸಿದರೆ ಅದರಲ್ಲಿ ಆಶ್ಚರ್ಯವೇನು?

ಕೆಲವು ವರ್ಷ ಸಹಾಯಕನಾಗಿ ದುಡಿದು, ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿ ಸೇವೆಮಾಡಿ, 1945ರಲ್ಲಿ ಬ್ರಯಂಟನು ಮೇರಿಲೆಂಡ್ ವಿಶ್ವವಿದ್ಯಾನಿಲಯದ ಮುಖ್ಯ ತರಬೇತುಗಾರನಾದನು. ಅಲ್ಲಿ ನಿಯಮ ಮೀರಿದ ಒಬ್ಬ ಆಟಗಾರನನ್ನು ತಂಡದಿಂದ ಹೊರಗಿಟ್ಟನು. ವಿಶ್ವವಿದ್ಯಾನಿಲಯದ ಅಧ್ಯಕ್ಷನು ಬ್ರಯಂಟನನ್ನು ಕೇಳದೆಯೇ ಆ ಹುಡುಗನನ್ನು ಮತ್ತೆ ಒಳಕ್ಕೆ ಸೇರಿಸಿದನು. ತನ್ನ ಮಾತಿಗೆ ಬೆಲೆಯಿಲ್ಲದ ಕಡೆ ತನಗೆ ಕೆಲಸವಿಲ್ಲವೆಂದು ಬ್ರಯಂಟನು ಒಂದೇ ವರ್ಷದಲ್ಲಿ ರಾಜೀನಾಮೆಯಿತ್ತು ಹೊರಟನು. ಬಳಿಕ ಕೆಂಟಕಿ ವಿಶ್ವವಿದ್ಯಾನಿಲಯದಲ್ಲಿ ಎಂಟು ವರ್ಷ ದುಡಿದನು. 1951ರ ಹೊಸವರ್ಷದ ದಿನ ಅವನ ತಂಡವು, ಸತತವಾಗಿ 31 ಪಂದ್ಯಗಳನ್ನು ಗೆದ್ದು ಬಂದಿದ್ದ ಒಕ್ಲಹೋಮಾವನ್ನು ಸೋಲಿಸಿ ದೇಶವನ್ನೇ ಬೆರಗುಗೊಳಿಸಿತು.

1954ರಲ್ಲಿ ಅವನು ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿಗೆ ಬಂದನು. ಅದು ಆ ಕಾಲದಲ್ಲಿ ಗಂಡುಮಕ್ಕಳ, ಸೈನಿಕ ಶಿಕ್ಷಣದ ಕಾಲೇಜು. ಹೆಸರು ದೊಡ್ಡದು, ತಂಡ ಮಾತ್ರ ಸೊರಗಿತ್ತು. ಆಟಗಾರರಲ್ಲಿ ಗೆಲ್ಲಬೇಕೆಂಬ ಛಲ ಕಾಣಲಿಲ್ಲ. ಕಾಲೇಜಿನ ಹಳೆಯ ವಿದ್ಯಾರ್ಥಿಗಳು ದಿನವೂ ಮೈದಾನದಂಚಿಗೆ ಬಂದು ಬುದ್ಧಿ ಹೇಳುತ್ತಿದ್ದರು. ಇವರೆಲ್ಲರ ಕಣ್ಣಿನಿಂದ ದೂರವಿದ್ದು ಹುಡುಗರನ್ನು ಪರೀಕ್ಷಿಸಬೇಕೆಂದು ನಿಶ್ಚಯಿಸಿದ ಬ್ರಯಂಟನು ಸೆಪ್ಟೆಂಬರ್ ಮೊದಲಲ್ಲಿ ಅವರನ್ನು ಎರಡು ಬಸ್ಸುಗಳಲ್ಲಿ ಕೂರಿಸಿ ಜಂಕ್ಷನ್ ಎಂಬ ದೂರದ ಚಿಕ್ಕ ಊರಿಗೆ ಕರೆದೊಯ್ದನು. ಎಲ್ಲಿಗೆ ಹೋಗುತ್ತಿದ್ದೇವೆಂಬುದು ಹುಡುಗರಲ್ಲಿ ಅನೇಕರಿಗೆ ತಿಳಿದಿರಲಿಲ್ಲ.

ಟೆಕ್ಸಾಸ್ ಸೀಮೆಯಲ್ಲಿ ಆಗ ವರ್ಷಗಟ್ಟಲೆ ಬರಗಾಲ. ಜಂಕ್ಷನ್ನಿನ ನೆಲವು ಹುಲ್ಲು ಕಾಣದೆ ಬಿರಿದಿತ್ತು. ಕಲ್ಲು ಮುಳ್ಳುಗಳೇ ಆಟದ ಹಾಸು. ವಾಸಕ್ಕೆ ತಗಡಿನ ಚಾವಣಿಯ ಗುಡಿಸಲುಗಳು. ಬಿಸಿಲಿನ ತಾಪವು 100 ಡಿಗ್ರಿ ಫ್ಯಾರನ್‌ಹೀಟನ್ನು ಮೀರಿತ್ತು. ಸೂರ್ಯನು ಮೂಡುವ ಮೊದಲೇ ಅಭ್ಯಾಸಕ್ಕೆ ಮೊದಲಾಗಬೇಕು. ಓಟ, ಡಿಕ್ಕಿ, ಬೀಳುವುದು, ಏಳುವುದು, ಮತ್ತೆ ಓಟ. ಅಭ್ಯಾಸದ ನಡುವೆ ಕುಡಿಯಲು ನೀರಿಲ್ಲ! ದುಡಿಮೆಯ ನಡುವೆ ನೀರು ಕುಡಿಯುವುದು ದುರ್ಬಲರ ಲಕ್ಷಣವೆಂದು ಆ ಕಾಲದ ತರಬೇತುಗಾರರಲ್ಲಿ ಬಹುಮಂದಿ ನಂಬಿದ್ದರು. ಬ್ರಯಂಟನೂ ನಂಬಿದ್ದನು.

ಮೊದಲ ದಿನಗಳಿಂದಲೇ ಹುಡುಗರು ಬಿಟ್ಟುಹೋಗತೊಡಗಿದರು. ಕೆಲವರು ಗುರುವಿಗೆ ಹೇಳಿ ಹೋದರು. ಕೆಲವರು ಮುಖ ತೋರಿಸಲಾರದೆ ರಾತ್ರಿಯ ಕತ್ತಲಲ್ಲಿ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನ ನಿಲ್ದಾಣಕ್ಕೆ ನಡೆದರು. ಒಬ್ಬ ಹುಡುಗನು ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಬಿದ್ದು ಸಾವಿನ ಬಾಗಿಲನ್ನು ತಟ್ಟಿ ಬಂದನು. ಹತ್ತು ದಿನಗಳ ಬಳಿಕ ಹಿಂದಿರುಗುವಾಗ, ಎರಡು ಬಸ್ಸುಗಳಲ್ಲಿ ಹೋದವರಿಗೆ ಒಂದೇ ಬಸ್ಸು ಸಾಕಾಯಿತು. ಉಳಿದವರು ಮೂರನೆಯ ಒಂದು ಪಾಲಿನಷ್ಟೇ. ಅವರನ್ನು ಜಂಕ್ಷನ್ನಿನ ಹುಡುಗರು ಎಂದೇ ಇಂದಿಗೂ ಆ ನಾಡಿನಲ್ಲಿ ಕರೆಯುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟ ತಂಡವು ಆ ವರ್ಷ ಗೆದ್ದಿತೆ? ಇಲ್ಲ. ಆಡಿದ 10 ಪಂದ್ಯಗಳಲ್ಲಿ 9ನ್ನು ಸೋತಿತು. ಜಾರ್ಜಿಯಾದ ಎದುರು 6-0ರಿಂದ ಪಡೆದುದೇ ಏಕೈಕ ಗೆಲುವು. ಬ್ರಯಂಟನ ಬಾಳಿನಲ್ಲಿ ಸೋಲು ಗೆಲುವನ್ನು ಮೀರಿದ ವರ್ಷವೆಂದರೆ ಅದೊಂದೇ. ಆದರೆ ಗುರುವೂ ಎದೆಗುಂದಲಿಲ್ಲ, ಉಳಿದ ಹುಡುಗರೂ ಕದಲಲಿಲ್ಲ. 1955ರಲ್ಲಿ 7 ಗೆಲುವು. 1956ರಲ್ಲಿ ಒಂದು ಸೋಲೂ ಇಲ್ಲದೆ, 9 ಗೆಲುವು ಹಾಗೂ ಒಂದು ಸಮನಾದ ಪಂದ್ಯದೊಡನೆ ತಮ್ಮ ಕೂಟದ ಪ್ರಶಸ್ತಿಯನ್ನೇ ಗಳಿಸಿದರು. ಎರಡು ವರ್ಷಗಳಲ್ಲಿ ಕೆಳಗಿನಿಂದ ಮೇಲಕ್ಕೆ! ಈ ಬೆಳಕಿನ ಬದಿಯಲ್ಲಿಯೇ ಒಂದು ನೆರಳೂ ಇದೆ. ಆಟಗಾರರನ್ನು ಕಾಲೇಜಿಗೆ ಸೆಳೆಯುವಾಗ ನಿಯಮಗಳು ಮುರಿದುವೆಂದು ಕಾಲೇಜಿಗೆ ದಂಡನೆಯಾಗಿತ್ತು. ಆದುದರಿಂದ ಪ್ರಶಸ್ತಿ ಪಡೆದ ಆ ತಂಡಕ್ಕೆ ಹೊಸವರ್ಷದ ದೊಡ್ಡ ಪಂದ್ಯಗಳಲ್ಲಿ ಆಡುವ ಭಾಗ್ಯ ದೊರೆಯಲಿಲ್ಲ. ಹುಡುಗರಿಗೆ ಶಿಸ್ತನ್ನು ಕಲಿಸುವ ಹಿರಿಯರೇ ಶಿಸ್ತನ್ನು ಮೀರಿದರೆ ಅದರ ಫಲವನ್ನು ಉಣ್ಣುವವರು ಹುಡುಗರೇ ಎಂಬುದಕ್ಕೆ ಇದು ಸಾಕ್ಷಿ.

ಅಷ್ಟರಲ್ಲಿ ಬ್ರಯಂಟನು ಓದಿದ ಅಲಬಾಮಾದ ಸ್ಥಿತಿ ಮರುಕ ಹುಟ್ಟಿಸುವಂತಿತ್ತು. 1955ರಿಂದ 1957ರವರೆಗಿನ ಮೂರು ವರ್ಷಗಳಲ್ಲಿ ಆ ತಂಡವು ಗೆದ್ದುದು ಒಟ್ಟು 4 ಪಂದ್ಯಗಳನ್ನು, ಸೋತುದು 24ನ್ನು. ಕರೆ ಬಂದಾಗ ಬ್ರಯಂಟನು ತಡಮಾಡಲಿಲ್ಲ. ತಾಯಿಯು ಕೂಗಿದರೆ ಮಗನು ಓಡಿಬರುವಂತೆ ತಾನು ಬಂದೆನೆಂದು ಅವನು ಹೇಳಿದುದು ಆ ನಾಡಿನಲ್ಲಿ ಮನೆಮಾತಾಗಿದೆ.

ಇಲ್ಲಿಯೂ ಅಭ್ಯಾಸವು ಕಠಿನವಾಗಿಯೇ ಇದ್ದಿತು. ಇಲ್ಲಿಯೂ ಹಲವರು ಬಿಟ್ಟುಹೋದರು. ಆದರೆ ಅವನ ಶಿಸ್ತು ಮೈದಾನದ ಗೆರೆಯೊಳಗೆ ಮುಗಿಯುತ್ತಿರಲಿಲ್ಲ. ಸಭೆಗೆ ಹೊತ್ತಿಗೆ ಸರಿಯಾಗಿ ಬರಬೇಕು. ತರಗತಿಗಳನ್ನು ತಪ್ಪಿಸಬಾರದು. ಉಡುಪು ಒಪ್ಪವಾಗಿರಬೇಕು. ಹಿರಿಯರೊಡನೆ ವಿನಯದಿಂದ ಮಾತನಾಡಬೇಕು. ತಂದೆತಾಯಿಗಳಿಗೆ ಕಾಗದ ಬರೆಯಬೇಕು. ಕಾಲ್ಚೆಂಡಿಗೂ ತಾಯಿಗೆ ಬರೆಯುವ ಕಾಗದಕ್ಕೂ ಏನು ನಂಟೆಂದು ನಮಗೆ ಅನ್ನಿಸಬಹುದು. ತನ್ನವರನ್ನು ಮರೆಯದವನು ಜೊತೆಗಾರನನ್ನೂ ಕೈಬಿಡುವುದಿಲ್ಲವೆಂಬುದೇ ಆ ನಂಟು. ತಂಡವು ಸೋತಾಗ ತಪ್ಪು ತನ್ನದೆಂದೂ ಗೆದ್ದಾಗ ಗೆಲುವು ಹುಡುಗರದೆಂದೂ ಸಾರುವುದು ಅವನ ಪದ್ಧತಿಯಾಗಿತ್ತು. ಮೈದಾನದ ಬದಿಯಲ್ಲಿ ಕಬ್ಬಿಣದ ಎತ್ತರದ ಗೋಪುರವೊಂದನ್ನು ಕಟ್ಟಿಸಿ, ಅದರ ಮೇಲೆ ನಿಂತು ಅವನು ಎಲ್ಲರ ಆಟವನ್ನೂ ನೋಡುತ್ತಿದ್ದನು. ಗೋಪುರದ ಸರಪಳಿ ಸದ್ದಾಯಿತೆಂದರೆ, ಗುರು ಕೆಳಗಿಳಿಯುತ್ತಿದ್ದಾನೆ, ಯಾರಿಗೋ ಪಾಠ ಕಾದಿದೆಯೆಂದು ಹುಡುಗರ ಎದೆ ಹೊಡೆದುಕೊಳ್ಳುತ್ತಿತ್ತು.

1958ರಲ್ಲಿ, ಮೊದಲ ವರ್ಷವೇ, ಅಲಬಾಮಾ 5 ಪಂದ್ಯಗಳನ್ನು ಗೆದ್ದಿತು. ಹಿಂದಿನ ಮೂರು ವರ್ಷಗಳ ಗೆಲುವನ್ನು ಕೂಡಿಸಿದರೂ ಅಷ್ಟಾಗಿರಲಿಲ್ಲ. ಅದಾದ ಮೇಲೆ 1959ರಲ್ಲಿ 7, 1960ರಲ್ಲಿ 8. 1961ರಲ್ಲಿ ಆಡಿದ 11 ಪಂದ್ಯಗಳನ್ನೂ ಗೆದ್ದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಆ ವರ್ಷವಿಡೀ ಎದುರಾಳಿಗಳೆಲ್ಲರೂ ಸೇರಿ ಅದರ ವಿರುದ್ಧ ಗಳಿಸಿದ ಅಂಕಗಳು 25 ಮಾತ್ರ. ಮುಂದೆ 1964, 1965, 1973, 1978, 1979ರಲ್ಲಿಯೂ ರಾಷ್ಟ್ರಪ್ರಶಸ್ತಿಗಳು ಅವನ ತಂಡವನ್ನು ಅರಸಿ ಬಂದುವು.

ಶಿಸ್ತು ಬಡ ಆಟಗಾರನಿಗೊಂದು, ಹೆಸರಾಂತ ಆಟಗಾರನಿಗೊಂದು ಆಗಬಾರದು. ಈ ವಿಷಯದಲ್ಲಿ ಬ್ರಯಂಟನ ಪರೀಕ್ಷೆಯು 1963ರಲ್ಲಿ ನಡೆಯಿತು. ತಂಡದ ಕಣ್ಮಣಿಯಾಗಿದ್ದವನು ಜೋ ನೇಮತ್ ಎಂಬ ತರುಣ. ಚೆಂಡನ್ನು ಎಸೆಯುವುದರಲ್ಲಿ ಅವನಿಗೆ ಸರಿಸಮಾನರಿರಲಿಲ್ಲ. ವರ್ಷದ ಕೊನೆಯ ಪಂದ್ಯಗಳು ಎದುರಿಗಿದ್ದಾಗ ಅವನು ತಂಡದ ನಿಯಮವನ್ನು ಮುರಿದನೆಂಬ ಸುದ್ದಿ ಬಂದಿತು. ಬ್ರಯಂಟನು ಅವನನ್ನೇ ಕರೆದು ಕೇಳಿದನು. ಹುಡುಗನು ಸುಳ್ಳಾಡದೆ ಒಪ್ಪಿಕೊಂಡನು. ಹೊಸವರ್ಷದ ಷುಗರ್ ಬೌಲ್ ಪಂದ್ಯವೂ ಸೇರಿದಂತೆ ಉಳಿದ ಆಟಗಳಿಂದ ಅವನನ್ನು ಹೊರಗಿಡಲಾಯಿತು. ಅವನಿಲ್ಲದೆಯೇ ತಂಡವು ಮಿಸಿಸಿಪ್ಪಿಯನ್ನು 12-7ರಿಂದ ಸೋಲಿಸಿತು. ಇದಕ್ಕಿಂತಲೂ ನಮಗೆ ಹಿರಿದಾಗಿ ಕಾಣುವುದು ಬಳಿಕ ನಡೆದದ್ದು. ನೇಮತನು ಮುನಿಸಿಕೊಂಡು ಹೋಗಲಿಲ್ಲ. ಗುರುವೂ ಅವನನ್ನು ಕೈಬಿಡಲಿಲ್ಲ. ಮರುವರ್ಷ ಅದೇ ನೇಮತನ ಆಟದ ಬಲದಿಂದ ಅಲಬಾಮಾ ರಾಷ್ಟ್ರಪ್ರಶಸ್ತಿಯನ್ನು ಗಳಿಸಿತು. ತಪ್ಪಿಗೆ ತಕ್ಕ ದಂಡನೆಯಿತ್ತು, ದಂಡನೆಯ ಬಳಿಕ ಬಾಗಿಲನ್ನು ತೆರೆದಿಡುವುದೇ ನಿಜವಾದ ಶಿಸ್ತು.

ಎಲ್ಲ ಕಡೆಯೂ ಬ್ರಯಂಟನಿಗೆ ಇದೇ ಧೈರ್ಯವಿತ್ತೆಂದು ಹೇಳಲು ಬಾರದು. ಅಲಬಾಮಾ ಸಂಸ್ಥಾನದಲ್ಲಿ ಬಿಳಿಯರು ಕರಿಯರನ್ನು ದೂರವಿಟ್ಟಿದ್ದ ಕಾಲ ಅದು. 1963ರ ಜೂನಿನಲ್ಲಿ ಇಬ್ಬರು ಕರಿಯ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯಕ್ಕೆ ಸೇರಲು ಬಂದಾಗ ಸಂಸ್ಥಾನದ ಗವರ್ನರನೇ ಬಾಗಿಲಿಗೆ ಅಡ್ಡ ನಿಂತಿದ್ದನು. ನಾಡಿನಲ್ಲಿ ಅಷ್ಟೊಂದು ಗೌರವವಿದ್ದ ಬ್ರಯಂಟನು ಮನಸ್ಸುಮಾಡಿದ್ದರೆ ಕರಿಯ ಆಟಗಾರರನ್ನು ಇನ್ನೂ ಮೊದಲೇ ಸೇರಿಸಿಕೊಳ್ಳಬಹುದಿತ್ತೆಂದು ಅನೇಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪವನ್ನು ತಳ್ಳಿಹಾಕಲಾಗದು. 1970ರಲ್ಲಿ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ತಂಡವು ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕರಿಯ ಆಟಗಾರನ ಪರಾಕ್ರಮದಿಂದ ಅಲಬಾಮಾವನ್ನು 42-21ರಿಂದ ಬಗ್ಗುಬಡಿಯಿತು. ವಿಲ್ಬರ್ ಜ್ಯಾಕ್ಸನ್ ಎಂಬ ಕರಿಯ ತರುಣನು ಅದಕ್ಕೆ ಮೊದಲೇ ಅಲಬಾಮಾವನ್ನು ಸೇರಿದ್ದರೂ, ಹೊಸಬನಾದುದರಿಂದ ಅಂದು ಕಣಕ್ಕಿಳಿಯುವಂತಿರಲಿಲ್ಲ. 1971ರಲ್ಲಿ ಅವನೂ ಜಾನ್ ಮಿಚೆಲನೂ ತಂಡದಲ್ಲಿ ಆಡಿದರು. ಮಿಚೆಲನನ್ನು ಬ್ರಯಂಟನು 1973ರಲ್ಲಿ ಸಹಾಯಕ ತರಬೇತುಗಾರನನ್ನಾಗಿಯೂ ಮಾಡಿಕೊಂಡನು. ತಡವಾದರೂ ತೆರೆದ ಬಾಗಿಲನ್ನು ಅವನು ಮತ್ತೆ ಮುಚ್ಚಲಿಲ್ಲ.

ಈಗ ಜಂಕ್ಷನ್ನಿಗೆ ಹಿಂದಿರುಗೋಣ. ಅಲ್ಲಿ ಉಳಿದವರಲ್ಲಿ ಜೀನ್ ಸ್ಟಾಲಿಂಗ್ಸ್ ಎಂಬವನೊಬ್ಬ. ಅವನು ಬ್ರಯಂಟನ ಸಹಾಯಕನಾಗಿ ದುಡಿದು, ಆಮೇಲೆ ತಾನು ಕಲಿತ ಟೆಕ್ಸಾಸ್ ಕಾಲೇಜಿಗೇ ತರಬೇತುಗಾರನಾದನು. 1968ರ ಹೊಸವರ್ಷದ ದಿನ ಕಾಟನ್ ಬೌಲ್ ಪಂದ್ಯದಲ್ಲಿ ಗುರುವಿನ ತಂಡಕ್ಕೂ ಶಿಷ್ಯನ ತಂಡಕ್ಕೂ ಹಣಾಹಣಿ. ಶಿಷ್ಯನು 20-16ರಿಂದ ಗೆದ್ದನು. ಪಂದ್ಯ ಮುಗಿದೊಡನೆ ಬ್ರಯಂಟನು ಮೈದಾನವನ್ನು ದಾಟಿ ಬಂದು ಸ್ಟಾಲಿಂಗ್ಸನನ್ನು ಎರಡೂ ತೋಳುಗಳಿಂದ ಎತ್ತಿ ಹಿಡಿದನು. ಶಿಷ್ಯನಿಂದ ಸೋಲುವುದನ್ನು ಗುರುವು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲವೆ? ಆ ಮಾತನ್ನು ಕೇಳದವನೂ ಅದನ್ನು ನಡೆಸಿ ತೋರಿಸಿದನು.

ಗೆಲುವಿನ ಮೇಲೆ ಗೆಲುವು ಬಂದರೂ ಜಂಕ್ಷನ್ನಿನ ಹತ್ತು ದಿನಗಳು ಅವನ ಮನಸ್ಸನ್ನು ಬಿಡಲಿಲ್ಲ. ತಾನು ಮಾಡಿದುದು ಒಳಿತೋ ಕೆಡುಕೋ ತನಗೆ ತಿಳಿಯದೆಂದೂ, ಆಗ ತನಗಿದ್ದ ತಿಳಿವಳಿಕೆಗೆ ಅದೊಂದೇ ದಾರಿ ಕಂಡಿತೆಂದೂ, ಆಟಗಾರರಿಗೆ ವಿಶ್ರಾಂತಿಯ ಹಾಗೂ ನೀರಿನ ಅಗತ್ಯವೆಷ್ಟೆಂದು ತಿಳಿದ ಮೇಲೆ ತಾನು ಹಾಗೆ ಮಾಡಲಾರೆನೆಂದೂ ತನ್ನ ಆತ್ಮಕಥೆಯಲ್ಲಿ ಅವನು ಒಪ್ಪಿಕೊಂಡನು. ಆ ಹುಡುಗರ ಸ್ಥಾನದಲ್ಲಿ ತಾನೇ ಇದ್ದಿದ್ದರೆ ತಾನೂ ಬಿಟ್ಟು ಹೋಗುತ್ತಿದ್ದೆನೇನೋ ಎಂಬವರೆಗೂ ಹೇಳಿದನು. ಕೀರ್ತಿಯ ಶಿಖರದಲ್ಲಿ ನಿಂತವನೊಬ್ಬನು ಹೀಗೆ ಹೇಳುವುದು ಸುಲಭವೆ? ಮೈ ಬೆವರಿ ತಂಪಾಗುತ್ತದೆ. ಬೆವರಿಗೆ ನೀರು ಬೇಕು. ನೀರು ಕೊಡದೆ ಬಿಸಿಲಿನಲ್ಲಿ ದುಡಿಸಿದರೆ ಮೈಯ ತಾಪ ಏರಿ ಪ್ರಾಣಕ್ಕೇ ಕುತ್ತು. ಇದು ಇಂದು ವೈದ್ಯರು ಎಲ್ಲರಿಗೂ ಹೇಳುವ ಮಾತು. ಆಟದ ನಡುವೆ ನೀರು ಕುಡಿಯುವುದನ್ನು ಇಂದು ಯಾರೂ ದೌರ್ಬಲ್ಯವೆನ್ನುವುದಿಲ್ಲ.

1979ರಲ್ಲಿ, ಇಪ್ಪತ್ತೈದು ವರ್ಷಗಳ ಬಳಿಕ, ಜಂಕ್ಷನ್ನಿನ ಹುಡುಗರು ಅದೇ ಊರಿನಲ್ಲಿ ಮತ್ತೆ ನೆರೆದರು. ಬ್ರಯಂಟನೂ ಬಂದನು. ಅಂದಿನ ಹುಡುಗರು ಈಗ ಮಕ್ಕಳೊಂದಿಗರು. ಅವರು ಗುರುವಿಗೆ ಒಂದು ಚಿನ್ನದ ಉಂಗುರವನ್ನು ಕಾಣಿಕೆಯಾಗಿ ಕೊಟ್ಟರು.

1981ರ ನವೆಂಬರ್ 28ರಂದು ಆಬರ್ನ್ ತಂಡವನ್ನು ಸೋಲಿಸಿದಾಗ ಅವನ ಗೆಲುವುಗಳ ಸಂಖ್ಯೆ 315 ಆಯಿತು. ಅಮೋಸ್ ಅಲೊಂಜೊ ಸ್ಟ್ಯಾಗನ 314ರ ದಾಖಲೆ ಹಿಂದೆ ಬಿದ್ದಿತು. 1982ರ ಡಿಸೆಂಬರ್ 29ರಂದು ಕೊನೆಯ ಪಂದ್ಯವನ್ನೂ ಗೆದ್ದು, ಒಟ್ಟು 323 ಗೆಲುವುಗಳೊಡನೆ ಅವನು ನಿವೃತ್ತನಾದನು. ಸರಿಯಾಗಿ 28 ದಿನಗಳ ಬಳಿಕ, 1983ರ ಜನವರಿ 26ರಂದು, ಹೃದಯಾಘಾತದಿಂದ ಟಸ್ಕಲೂಸಾದಲ್ಲಿ ತೀರಿಕೊಂಡನು. ಅವನ ದೇಹವನ್ನು ಬರ್ಮಿಂಗ್‌ಹ್ಯಾಮಿನ ಸ್ಮಶಾನಕ್ಕೆ ಒಯ್ಯುವಾಗ ಜನರು ದಾರಿಯ ಎರಡು ಬದಿಗಳಲ್ಲಿಯೂ ಮೌನವಾಗಿ ನಿಂತು ಕೈಯೆತ್ತಿ ಬೀಳ್ಕೊಟ್ಟರು. ಅಷ್ಟೊಂದು ಪ್ರಶಸ್ತಿಗಳ ಒಡೆಯನಾಗಿದ್ದ ಅವನ ಬೆರಳಿನಲ್ಲಿ ಅಂದು ಇದ್ದುದು ಜಂಕ್ಷನ್ನಿನ ಹುಡುಗರು ಕೊಟ್ಟ ಉಂಗುರವೊಂದೇ ಎಂದು ಹೇಳುತ್ತಾರೆ. ಒಂದೇ ಒಂದು ಪಂದ್ಯವನ್ನು ಗೆದ್ದ ತಂಡದ ಉಂಗುರ!

ಬ್ರಯಂಟನ ಬಾಳಿನಿಂದ ನಾವು ಕಲಿಯುವುದೇನು? ಹೊತ್ತಿಗೆ ಸರಿಯಾಗಿ ಬರುವುದನ್ನು, ಸೋಲಿಗೆ ಹೆದರದೆ ಮರುವರ್ಷಕ್ಕೆ ದುಡಿಯುವುದನ್ನು, ಹೆಸರಿನವನಿಗೂ ಹೆಸರಿಲ್ಲದವನಿಗೂ ಒಂದೇ ನಿಯಮವೆಂಬುದನ್ನು ಕಲಿಯಬೇಕು. ಹಾಗೆಯೇ ಅತಿಯಾದರೆ ಅಮೃತವೂ ವಿಷವೆಂಬುದನ್ನೂ ಕಲಿಯಬೇಕು. ಆ ರಾತ್ರಿಗಳಲ್ಲಿ ಪೆಟ್ಟಿಗೆ ಹಿಡಿದು ಬಸ್ಸಿನ ನಿಲ್ದಾಣಕ್ಕೆ ನಡೆದ ಹುಡುಗರು ಹೇಡಿಗಳಲ್ಲ. ಅವರಿಗೆ ಬೇಕಾಗಿದ್ದುದು ಬಹುಶಃ ಒಂದು ಬೊಗಸೆ ನೀರು, ಒಂದು ಒಳ್ಳೆಯ ಮಾತು. ಮುಂದೆ ನಮ್ಮಲ್ಲಿ ಯಾರಾದರೂ ತಂಡದ ನಾಯಕರಾದರೆ, ತರಗತಿಯ ಮುಖಂಡರಾದರೆ, ಉಪಾಧ್ಯಾಯರಾದರೆ, ಉಳಿದವರನ್ನು ಹುರಿದುಂಬಿಸುವಾಗ ಬಿಟ್ಟುಹೋದವರನ್ನೂ ನೆನೆಯೋಣ. ಕಠಿನವಾದ ಅಭ್ಯಾಸವನ್ನೂ ಮಾಡೋಣ, ಬಾಯಾರಿದವನಿಗೆ ನೀರನ್ನೂ ಕೊಡೋಣ.